ತೊಟ್ಟಿಲಲ್ಲಿ ಮಲಗಿ ಹೋದ ಅಣ್ಣನ ರಕ್ತ

ನನಗೆ ವಹಿಸಿದ ಕೆಲಸ ಬಹಳ ಸಣ್ಣದು. ಹೆಬ್ಬೆರಳಿನಷ್ಟು ದಪ್ಪದ ಒಂದು ಗಾಜಿನ ಬಾಟ್ಲಿಯನ್ನು ಕಲಘಟಗಿಯಿಂದ ಹುಬ್ಬಳ್ಳಿಗೆ, ಇದ್ದದ್ದು ಇದ್ದ ಹಾಗೆ, ಮುಟ್ಟಿಸಬೇಕಿತ್ತು. ಮುಟ್ಟಿಸಿದೆ. ಇದ್ದ ಹಾಗೆ ಮುಟ್ಟಿಸಲಿಲ್ಲ. ಅದರಲ್ಲಿ ಇದ್ದದ್ದು ನನ್ನ ಅಣ್ಣನ ರಕ್ತ.

ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಉಳಿದದ್ದನ್ನು ನಗುತ್ತ ಹೇಳಬಹುದು ಎಂದು ನನ್ನ ಅಂದಾಜು. ನನ್ನ ಅಂದಾಜುಗಳು ಎಂಥವು ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ನಾವು ಕಲಘಟಗಿಯಲ್ಲಿ ತೊಟ್ಟಿಲು ಮಾಡುವವರು. ಸಾಗವಾನಿ ಕಟ್ಟಿಗೆಯ ತೊಟ್ಟಿಲು, ಅದರ ಮಗ್ಗುಲಿಗೆಲ್ಲ ಬಣ್ಣದ ಚಿತ್ರ. ಚಿತ್ರ ಬರೆಯುವವನು ಅಣ್ಣ ಮಾನಪ್ಪ. ನಾನು ಅವನ ತಮ್ಮ ಕಾಳಪ್ಪ. ತಿರುಗಣಿಯಲ್ಲಿ ಕಟ್ಟಿಗೆ ತಿರುವುವುದು, ಉಜ್ಜಿ ನುಣುಪು ಮಾಡುವುದು, ಬಣ್ಣ ಅರೆಯುವುದು ಮತ್ತು ಬೈಸಿಕೊಳ್ಳುವುದು, ಈ ಖಾತೆಗಳು ನನ್ನವು. ಶಾಲೆಯನ್ನು ನಾನು ನಾಲ್ಕನೇ ಇಯತ್ತೆಯಲ್ಲಿ ಬಿಟ್ಟೆ. ಮಾಸ್ತರರು ನನ್ನನ್ನು ಅದಕ್ಕೂ ಮೊದಲೇ ಬಿಟ್ಟಿದ್ದರು.

ಅಣ್ಣನ ಗಿಣಿಯ ಬಗ್ಗೆ ಹೇಳಬೇಕು. ನಮ್ಮೂರಲ್ಲಿ ತೊಟ್ಟಿಲಿಗೆ ಗಿಣಿ ಬರೆಯುವವರು ಬೇರೆಯವರೂ ಇದ್ದರು. ಅವರ ಗಿಣಿಗಳು ಮುಂದೆ ನೋಡುತ್ತಿದ್ದವು. ಅಣ್ಣನ ಗಿಣಿ ಮಾತ್ರ ಕುತ್ತಿಗೆ ತಿರುವಿ ಹಿಂದಕ್ಕೆ ನೋಡುತ್ತಿತ್ತು. ಯಾಕೆ ಎಂದು ಸಣ್ಣವನಿದ್ದಾಗ ಕೇಳಿದ್ದೆ.

"ತೂಗೂ ತಾಯಿ ಮುಖ ನೋಡಬೇಕಲ್ಲೋ ಅದು," ಎಂದಿದ್ದ. "ಮುಂದ ನೋಡಿದ್ರ ಅದಕ್ಕೇನ ಕಾಣತೈತಿ? ಗ್ವಾಡಿ!"

ಆಮೇಲೆ ಸೇರಿಸಿದ್ದ: "ಬಳ್ಳಿ ಬರಿ, ಹೂವ ಬರಿ, ಬ್ಯಾಡ ಅನ್ನೂದಿಲ್ಲ. ಗಿಣಿ ಮಾತ್ರ ಮುಟ್ಟಬ್ಯಾಡ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಗಿಣಿಯ ಕಣ್ಣು, ಕೊಕ್ಕು, ರೆಕ್ಕೆಯ ಗೆರೆ ಬರೆಯುವಾಗ ಅಣ್ಣ ಕುಂಚದ ತುದಿಯನ್ನು ತುಟಿಗಳ ನಡುವೆ ಇಟ್ಟು, ನಾಲಿಗೆಯಿಂದ ತಿರುವಿ, ಸೂಜಿಯಷ್ಟು ಮೊನೆ ಮಾಡಿಕೊಳ್ಳುತ್ತಿದ್ದ. ಒಂದು ಗೆರೆ, ಮತ್ತೆ ಬಾಯಿ. ಒಂದು ಗೆರೆ, ಮತ್ತೆ ಬಾಯಿ. ನಮ್ಮಪ್ಪನೂ ಹಾಗೇ, ಅಜ್ಜನೂ ಹಾಗೇ. ಬಿಳಿಗೆ ಸಫೇದಾ, ಕೆಂಪಿಗೆ ಸೇಂದೂರ. ಅಣ್ಣನ ತುಟಿ ನೋಡಿಯೇ ಅಂದು ತೊಟ್ಟಿಲಿನ ಕೆಲಸ ಎಲ್ಲಿಗೆ ಬಂದಿದೆ ಎಂದು ಹೇಳಬಹುದಿತ್ತು.

ಒಂದು ಚಳಿಗಾಲದಲ್ಲಿ ಅವನಿಗೆ ಹೊಟ್ಟೆನೋವು ಶುರುವಾಯಿತು. ಸಾದಾ ನೋವಲ್ಲ, ಕರುಳನ್ನು ಹಗ್ಗದಂತೆ ಹೊಸೆಯುವ ನೋವು. ಅಣ್ಣನ ಹೆಂಡತಿ, ನಮ್ಮ ವೈನಿ, ಅಜಿವಾನ ಕೊಟ್ಟಳು, ಇಂಗು ಕೊಟ್ಟಳು, ಕೊನೆಗೆ ಬೈಗುಳವನ್ನೂ ಕೊಟ್ಟಳು. ಯಾವುದಕ್ಕೂ ಬಗ್ಗಲಿಲ್ಲ. ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರರನ್ನು ನಾನು ಮನೆಗೆ ಕರೆತಂದೆ.

"ಏನು ತಿಂತಾರ ಇವರು?" ಎಂದು ಡಾಕ್ಟರರು ವೈನಿಯನ್ನು ಕೇಳಿದರು.

"ರೊಟ್ಟಿ ಪಲ್ಯಾ ತಿಂತಾರ್ರಿ. ಸಿಟ್ಟ ಬಂದ್ರ ನಮ್ಮನ್ನ ತಿಂತಾರ."

ಅಣ್ಣನಿಗೆ ಮಲಗಿ ಗೊತ್ತಿಲ್ಲ. ಡಾಕ್ಟರರು ಹೊಟ್ಟೆ ಒತ್ತಿ ನೋಡಿ ಕೈ ತೊಳೆಯಲು ಎದ್ದರೋ ಇಲ್ಲವೋ, ಇವನು ಎದ್ದು ಕುಳಿತು, ಪಕ್ಕದಲ್ಲಿದ್ದ ತೊಟ್ಟಿಲನ್ನು ಎಳೆದುಕೊಂಡು, ಕುಂಚ ಬಾಯಲ್ಲಿಟ್ಟ.

ಡಾಕ್ಟರರು ಒದ್ದೆ ಕೈಯಲ್ಲೇ ನಿಂತುಬಿಟ್ಟರು. "ಅದೇನು ನೆಕ್ಕಲಿಕ್ಕೆ ಹತ್ತೀರಿ?"

"ಮೊನಿ ಮಾಡಾಕತ್ತೀನ್ರಿ."

"ಬಣ್ಣ ಯಾವುದು?"

"ಸಫೇದಾರಿ. ಚೂರು ಸಿಹಿ ಇರತೈತಿ. ಸಿಹಿ ಇರಲಿಲ್ಲಂದ್ರ ಅಂಗಡ್ಯಾಂವ ಮೋಸ ಮಾಡ್ಯಾನಂತ ತಿಳೀಬೇಕು."

ಡಾಕ್ಟರರು ಓಡಿ ಬಂದು ಅಣ್ಣನ ತುಟಿ ಎತ್ತಿ ನೋಡಿದರು. ಹಲ್ಲಿನ ಬುಡಕ್ಕೆ, ಒಸಡಿನ ಮೇಲೆ, ಕಪ್ಪು ಗೆರೆ ಎಳೆದಂತೆ ಇತ್ತು. ಅಣ್ಣನ ಮೈಮೇಲೆ ಯಾರೋ ಬೇರೆ ಚಿತ್ರಗಾರ ಕೆಲಸ ಶುರು ಮಾಡಿದ್ದ.

"ಇದರಾಗ ಸೀಸ ಅದ ಮಾನಪ್ಪ," ಎಂದರು ಡಾಕ್ಟರರು ಮೆಲ್ಲಗೆ. "ನಿಮ್ಮ ಸೇಂದೂರದಾಗೂ ಅದ. ದಿನಾ ಅಷ್ಟಷ್ಟ ಹೊಟ್ಟಿಗೆ ಹೋಗಿ ರಕ್ತದಾಗ ಕೂಡತದ. ಈಗ ಹೊಟ್ಟಿಗೆ ಬಂದದ. ಮುಂದ ಕೈಗೆ ಬರತದ. ಮಣಿಕಟ್ಟಿನ ಶಕ್ತಿ ಹೋಗಿ ಕೈ ಜೋತು ಬೀಳತದ. ಈಗ ಬಣ್ಣ ಬಿಟ್ಟು ಔಷಧ ತಗೊಂಡ್ರ ಕೈ ಉಳೀತದ."

ಅಣ್ಣ ನಕ್ಕ. "ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಹಿಂಗ ಬರದ್ರಲ್ರಿ."

ಒಳಗಿನಿಂದ ವೈನಿಯ ಧ್ವನಿ ಬಂತು: "ಮಾವಾರು ಕಡೀಕ ಚಾದ ಕಪ್ಪ ಎತ್ತಾಕೂ ನನ್ನ ಕರೀತಿದ್ರು. ಮರತ್ರೇನು?"

ಅಣ್ಣ ನಗುವುದನ್ನು ನಿಲ್ಲಿಸಿದ. ಸ್ವಲ್ಪ ಹೊತ್ತು ತನ್ನ ಬಲಗೈಯನ್ನೇ ನೋಡಿದ. ಆಮೇಲೆ, "ರಕ್ತ ತಪಾಸ ಮಾಡಿದ್ರ ಗೊತ್ತಾಗತೈತೇನ್ರಿ?" ಎಂದು ಕೇಳಿದ.

"ಗೊತ್ತಾಗತದ. ಇಲ್ಲೆ ಆಗೂದಿಲ್ಲ. ಹುಬ್ಬಳ್ಳಿಗೆ ಮುಟ್ಟಿಸಿದ್ರ ಅವರು ಮುಂಬಯಿಗೆ ಕಳಸ್ತಾರ."

"ಹಂಗಾರ ಆತು. ನೀವ ಹೇಳಿದ್ರ ನಂಬೂದಿಲ್ಲ, ಇಕಿ ಹೇಳಿದ್ರೂ ನಂಬೂದಿಲ್ಲ. ನನ್ನ ರಕ್ತ ಹೇಳಲಿ. ಆವತ್ತ ಕುಂಚ ಕೆಳಗ ಇಡ್ತೀನಿ."

ಅಣ್ಣ ಆಡಿದ ಮಾತಿಗೆ ತಪ್ಪುವವನಲ್ಲ. ಅವನ ಕೈ ಉಳಿಯುವುದೂ ಹೋಗುವುದೂ ಈಗ ಆ ರಕ್ತದ ಮೇಲೆ ನಿಂತಿತು. ಆ ರಕ್ತ ನನ್ನ ಮೇಲೆ ನಿಂತಿತು. ದೇವರು ಕೆಲವೊಮ್ಮೆ ಹೀಗೆ ಲೆಕ್ಕ ತಪ್ಪುತ್ತಾನೆ.

ಎರಡು ದಿನ ಬಿಟ್ಟು ಡಾಕ್ಟರರು ಹುಬ್ಬಳ್ಳಿಯಿಂದ ವಿಶೇಷವಾಗಿ ತೊಳೆದ ಬಾಟ್ಲಿ ತರಿಸಿ, ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದರು. ಅಣ್ಣ ಸೂಜಿಯನ್ನು ನೋಡಿ, "ಮೊನಿ ಚಲೋ ಮಾಡೀರಿ," ಎಂದ. ರಕ್ತ ನೋಡಿ, "ಬಣ್ಣಕ್ಕೇನೂ ಕಡಿಮಿಲ್ಲ," ಎಂದ. ಡಾಕ್ಟರರು ಬಾಟ್ಲಿಗೆ ರಬ್ಬರಿನ ಬೂಚು ಹಾಕಿ, ಅಂಟುಪಟ್ಟಿಯ ಮೇಲೆ ಪೆನ್ನಿನಿಂದ ಹೆಸರು ಬರೆದು ನನ್ನ ಕೈಗೆ ಕೊಟ್ಟರು.

"ಕಾಳಪ್ಪ, ತಂಪಾಗಿ ಇಡ್ರಿ. ಬಿಚ್ಚಬ್ಯಾಡ್ರಿ. ಇದ್ದ ಹಾಂಗ ಒಯ್ದು ಕೊಡ್ರಿ. ಸಂಜೀ ಗಾಡಿಗೆ ಹೋಗಬೇಕು ಅದು."

"ಒಂದ ಬಾಟ್ಲಿ ಒಯ್ಯಾಕ ಇಷ್ಟೆಲ್ಲಾ ಯಾಕ ಹೇಳ್ತೀರಿ ಸಾಹೇಬ್ರ? ತೊಟ್ಲಾ ಹೊತ್ತು ಹುಬ್ಬಳ್ಳಿಗೆ ಹೋಗಾಂವ ನಾನು!" ಎಂದೆ.

ಅಂದು ಹುಬ್ಬಳ್ಳಿಯ ಒಂದು ಮನೆಗೆ ತೊಟ್ಟಿಲನ್ನೂ ಮುಟ್ಟಿಸುವುದಿತ್ತು. ಎರಡೂ ಒಂದೇ ಬಸ್ಸಿಗೆ. ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಡಾಕ್ಟರರು ಹೋದ ಮೇಲೆ, ಜವಾಬ್ದಾರಿಯುತ ಮನುಷ್ಯನಾದ ನಾನು, ಬೂಚು ಗಟ್ಟಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಬಾಟ್ಲಿಯನ್ನು ತಲೆಕೆಳಗು ಮಾಡಿ ಜಾಡಿಸಿದೆ. ಬೂಚಿನ ಅಂಚಿಗೆ ಸಾಸಿವೆಯಷ್ಟು ರಕ್ತ ಜಿನುಗಿತು! ಅಣ್ಣನ ರಕ್ತ ದಾರಿಯಲ್ಲಿ ಸೋರಿಹೋದರೆ? ತೊಟ್ಟಿಲಿನ ಸಂದು ಬಿಟ್ಟರೆ ನಾವು ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಸಫೇದಾಕ್ಕೆ ಅಗಸೆ ಎಣ್ಣೆ ಹಾಕಿ, ಕಣಕದಂತೆ ನಾದಿ, ಬೂಚಿನ ಸುತ್ತ ಗಟ್ಟಿಯಾಗಿ ಮೆತ್ತಿದೆ. ಸೀಸ ಎಷ್ಟಿದೆ ಎಂದು ನೋಡಲು ಹೊರಟ ರಕ್ತದ ಬಾಯಿಗೆ, ಸೀಸದ್ದೇ ಮುಚ್ಚಳ!

ತಂಪಿರಲಿ ಎಂದು ಬಾಟ್ಲಿಗೆ ಒದ್ದೆ ಬಟ್ಟೆ ಸುತ್ತಿದೆ. ಪೆನ್ನಿನ ಹೆಸರು ಕರಗಿ ನೀಲಿ ನೀರಾಗಿ ಹರಿಯಿತು. ಹೆಸರಿಲ್ಲದ ರಕ್ತ ಮುಂಬಯಿಗೆ ಹೋಗಿ ಯಾರಿಗೆ ಏನೆಂದು ಹೇಳೀತು? ಸಣ್ಣ ಕುಂಚ ತೆಗೆದುಕೊಂಡೆ. ಎಣ್ಣೆಯಲ್ಲಿ ಅರೆದ ಸೇಂದೂರಕ್ಕೆ ಅದ್ದಿ, ಬಾಯಲ್ಲಿಟ್ಟು ಮೊನೆ ಮಾಡಿಕೊಂಡು (ಹೌದು, ಬಾಯಲ್ಲೇ ಇಟ್ಟು), ಗಾಜಿನ ಮೇಲೆ ‘ಮಾನಪ್ಪ’ ಎಂದು ಬರೆದೆ. ನೀರಿಗೆ ಜಗ್ಗದ ಅಕ್ಷರ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೆಸರಿನ ಪಕ್ಕದಲ್ಲಿ ಒಂಚೂರು ಜಾಗ ಉಳಿದಿತ್ತು. ನಮ್ಮ ಮನೆಯಿಂದ ಬರಿದಾಗಿ ಯಾವ ವಸ್ತುವೂ ಹೊರಗೆ ಹೋದದ್ದಿಲ್ಲ. ಅಣ್ಣ ಒಳಗೆ ಹೊಟ್ಟೆ ಹಿಡಿದು ಮಲಗಿದ್ದ, ನೋಡುವವರು ಯಾರೂ ಇರಲಿಲ್ಲ. ಇಷ್ಟು ವರ್ಷ ಮುಟ್ಟಬೇಡ ಎಂದದ್ದನ್ನು ಮುಟ್ಟಿಯೇ ಬಿಟ್ಟೆ. ಕುತ್ತಿಗೆ ತಿರುವಿ ಹಿಂದಕ್ಕೆ ನೋಡುವ ಗಿಣಿ.

ಬರೆದು ದೂರ ಹಿಡಿದು ನೋಡಿದೆ. ಅಗದಿ ಅಣ್ಣನ ಗಿಣಿಯೇ ಎನ್ನಿಸಿತು. ನನ್ನ ಅಂದಾಜು!

ಇನ್ನು ತೊಟ್ಟಿಲು. ಬರಿದಾದ ತೊಟ್ಟಿಲನ್ನು ತೂಗಬಾರದು, ಸಾಗಿಸಲೂಬಾರದು ಎಂದು ನಮ್ಮಲ್ಲಿ ಕಟ್ಟುನಿಟ್ಟು. ಹೊರಡುವಾಗ ಒಂದು ತೆಂಗಿನಕಾಯಿಯನ್ನಾದರೂ ಒಳಗೆ ಮಲಗಿಸಿ ಕಳಿಸುತ್ತೇವೆ. ಅಂದು ನೋಡಿದರೆ ಕಾಯಿಯಿಲ್ಲ. ಇದ್ದೊಂದನ್ನು ವೈನಿ ಹಿಂದಿನ ದಿನ ಅಣ್ಣನ ಹೊಟ್ಟೆಗಾಗಿ ದೇವರಿಗೆ ಒಡೆದಿದ್ದಳು. ಬಸ್ಸಿನ ಹೊತ್ತಾಗಿತ್ತು. ಒದ್ದೆ ಬಟ್ಟೆ ಸುತ್ತಿದ ಬಾಟ್ಲಿಯನ್ನು ವೈನಿಯ ಒಂದು ಹಳೆಯ ಕುಬಸದಲ್ಲಿ ಮತ್ತೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದೆ. ಶಾಸ್ತ್ರವೂ ಆಯಿತು, ತಂಪೂ ಆಯಿತು.

ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಅಡ್ಡ ಬಂದ. "ಏ, ತೊಟ್ಲಾ ಮ್ಯಾಲೆ ಹಾಕು."

"ಬ್ಯಾಡ್ರಿ, ಬಿಸಲಾಗ ಕೆಡತೈತಿ."

"ಏನ ಕೆಡತೈತಿ?" ಎಂದು ಅವನು ಬಗ್ಗಿ ನೋಡಿದ. ಕುಬಸದ ಗಂಟು ಕಂಡಿತು. ಅವನ ಮುಖ ಬೆಣ್ಣೆಯಾಯಿತು. "ಕೂಸ ಐತೇನು? ಮದಲ ಹೇಳಬಾರದೇನೋ ಮಾರಾಯಾ! ಏ, ಕೂಸ ಐತಿ, ಜಾಗಾ ಬಿಡ್ರಿ!"

ಆಗಲೇ ಅಲ್ಲ ಎನ್ನಬೇಕಿತ್ತು. ಆದರೆ ಆ ಬಸ್ಸಿನಲ್ಲಿ ನನಗೆ ಅದುವರೆಗೆ ಒಮ್ಮೆಯೂ ಕೂಡಲು ಜಾಗ ಸಿಕ್ಕಿರಲಿಲ್ಲ. ಸುಮ್ಮನೆ ಕುಳಿತೆ. ಬಾಯಿ ಬಿಡಬೇಕಾದಾಗ ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದ ಕಲೆ.

ಪಕ್ಕದಲ್ಲಿ ಒಬ್ಬ ಮುದುಕಿ. ಬಸ್ಸು ಹೊರಟಿದ್ದೇ ತಡ, ತೊಟ್ಟಿಲಿನ ಅಂಚಿಗೆ ಕೈಹಾಕಿ ಮೆಲ್ಲಗೆ ತೂಗತೊಡಗಿದಳು.

"ಎಷ್ಟ ಶಾಣ್ಯಾ ಕೂಸಪಾ! ಒಂದೀಟರ ಅತ್ತೀತೇನು? ಗಂಡೋ ಹೆಣ್ಣೋ?"

ಸುಳ್ಳು ಹೇಳಬಾರದಲ್ಲ. "ಗಂಡರಿ," ಎಂದೆ.

"ಹೆಸರ ಇಟ್ಟೀರೇನು?"

"ಮಾನಪ್ಪ ಅಂತರಿ."

"ಮಾನಪ್ಪಾ, ಮಾನಪ್ಪಾ," ಎಂದು ಮುದುಕಿ ಜೋಗುಳದ ಧಾಟಿಯಲ್ಲಿ ಶುರು ಮಾಡಿದಳು. ಹಿಂದಿನ ಸೀಟಿನ ಹೆಂಗಸರೂ ದನಿಗೂಡಿಸಿದರು. ನನ್ನ ಅಣ್ಣನಿಗೆ ಮೀಸೆ ಬಂದು ಎಷ್ಟೋ ಕಾಲವಾದ ಮೇಲೆ, ಹುಬ್ಬಳ್ಳಿ ಬಸ್ಸಿನಲ್ಲಿ ಜೋಗುಳ!

ಅಷ್ಟರಲ್ಲಿ ತೊಟ್ಟಿಲಿನ ತಳದಿಂದ ಒದ್ದೆ ಬಟ್ಟೆಯ ನೀರು ಮುದುಕಿಯ ಪಾದದ ಮೇಲೆ ತೊಟ್ಟಿಕ್ಕಿತು.

"ನೋಡಿಲ್ಲೆ, ಕೂಸು ಉಚ್ಚಿ ಹೊಯ್ಕೊಂಡೈತಿ! ಅರಬಿ ಬದಲಸೋ."

"ಇರಲಿ ಬಿಡಬೇ."

"ಇರಲಿ ಅಂದ್ರ? ಥಂಡಿ ಆಗತೈತಿ ಅದಕ್ಕ!"

"ಥಂಡೀನ ಇರಬೇಕಬೇ ಅದು. ಡಾಕ್ಟರ್ ಹೇಳ್ಯಾರ."

"ಎಂಥಾ ಅಪ್ಪಲೇ ನೀನು!"

"ನಾ ಅಪ್ಪ ಅಲ್ಲಬೇ. ತಮ್ಮ."

"ಯಾರ ತಮ್ಮ?"

"ಇವನ ತಮ್ಮ," ಎಂದು ತೊಟ್ಟಿಲು ತೋರಿಸಿದೆ.

ಮುದುಕಿ ಒಮ್ಮೆ ತೊಟ್ಟಿಲನ್ನು ನೋಡಿದಳು, ಒಮ್ಮೆ ನನ್ನ ಗಡ್ಡ ನೋಡಿದಳು. ಆಮೇಲೆ ಒಂದೇ ಏಟಿಗೆ ಕುಬಸ ಬಿಚ್ಚಿದಳು. ಕೈಗೆ ಬಂದದ್ದು ಬಾಟ್ಲಿ. ಒಳಗೆ ಕೆಂಪಗೆ ರಕ್ತ, ಬಾಯಿಗೆ ಬಿಳಿ ಮೆತ್ತೆ, ಮೈಮೇಲೆ ಕೆಂಪು ಅಕ್ಷರ, ಪಕ್ಕದಲ್ಲಿ ನನ್ನ ಗಿಣಿ.

"ಯವ್ವಾ! ಮಾಟಾ!" ಎಂದು ಕಿರುಚಿದಳು. "ರಕ್ತ ತುಂಬ್ಯಾನ, ಮ್ಯಾಲೆ ಕೋಳಿ ಬರದಾನ!"

"ಕೋಳಿ ಅಲ್ಲಬೇ, ಗಿಣಿ!"

ಇಡೀ ಬಸ್ಸಿಗೆ ಮಾಟದ ಭಯ, ನನಗೆ ಗಿಣಿಯ ಚಿಂತೆ. ಡ್ರೈವರ್ ಬ್ರೇಕ್ ಹಾಕಿದ. ಬಸ್ಸು ನಿಂತಿತು. ಕಂಡಕ್ಟರ್ ನನ್ನ ಅಂಗಿ ಹಿಡಿದ. "ಯಾರ ರಕ್ತಲೇ ಇದು?"

"ನಮ್ಮ ಅಣ್ಣಂದರಿ!" ಎಂದು ಸತ್ಯವನ್ನೇ ಹೇಳಿದೆ. ಅದು ಇನ್ನೂ ಕೆಟ್ಟಿತು. "ಹೊಲದ ಪಾಲಿನ್ಯಾಗ ಹಿಂಗ ಮಾಡಿದಿ ಏನಲೇ?" ಎಂದು ಹಿಂದಿನಿಂದ ಒಬ್ಬ ಕೂಗಿದ. ನಮಗೆ ಹೊಲವೇ ಇಲ್ಲ ಎಂದು ಹೇಳಲೂ ಯಾರೂ ಬಿಡಲಿಲ್ಲ.

ಕೊನೆಗೆ ಅಳುತ್ತ ಎಲ್ಲ ಹೇಳಿದೆ. ಹೊಟ್ಟೆನೋವು, ಸೀಸ, ಕೈ ಬೀಳುತ್ತದೆ ಎಂದದ್ದು, ರಕ್ತ ಹೇಳಿದರೆ ಕುಂಚ ಇಡುತ್ತೇನೆ ಎಂದು ಅಣ್ಣ ಮಾತು ಕೊಟ್ಟದ್ದು. ಬಸ್ಸು ಮೆತ್ತಗಾಯಿತು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಎಲೆಯಡಿಕೆಯ ಚೀಲದಿಂದ ದೇವರ ಭಂಡಾರ ತೆಗೆದು, ಬಾಟ್ಲಿಗೆ ಬಾಯಿಂದ ಬುಡದ ತನಕ ಅರಿಸಿನ ಬಳಿದಳು. "ನಿಮ್ಮಣ್ಣನ ಕೈ ಬಂಗಾರದಂಗ ಇರಲೋ ನನ್ನಪ್ಪಾ," ಎಂದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಮತ್ತೆ ಅದೇ ಕಲೆ.

ಹುಬ್ಬಳ್ಳಿಯ ರಕ್ತ ತಪಾಸಣೆಯ ಕೋಣೆಯಲ್ಲಿ ಕನ್ನಡಕದ ಒಬ್ಬರು ಕುಳಿತಿದ್ದರು. ತಲೆಯ ಮೇಲಿನ ತೊಟ್ಟಿಲಿಳಿಸಿ, ಬಾಟ್ಲಿಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟದೆಯೇ ಸುತ್ತೂ ನೋಡಿದರು.

"ಯಾವ ದೇವರದು?"

"ನಮ್ಮಣ್ಣಂದರಿ. ಸೀಸ ನೋಡಾಕ."

"ಕೋಳಿ ಯಾಕ ಬರದೀರಿ? ರಕ್ತ ಮನಷ್ಯಾರದೋ, ಕೋಳೀದೋ?"

"ಗಿಣಿರಿ ಅದು."

"ಗಿಣಿ ರಕ್ತ?"

ಅವರಿಗೆ ತಿಳಿಯಹೇಳುವಷ್ಟರಲ್ಲಿ ಗಾಡಿಯ ಹೊತ್ತಾಯಿತು. ತಲೆ ಕೊಡವುತ್ತಲೇ ಬಾಟ್ಲಿಯನ್ನು ಡಬ್ಬಿಗೆ ಹಾಕಿ ಕಳಿಸಿದರು. ನಾನು ತೊಟ್ಟಿಲು ಹೊತ್ತು ಗಿರಾಕಿಯ ಮನೆಗೆ ಹೋದೆ. ಹೊಸ್ತಿಲಲ್ಲೇ ಆ ಮನೆಯ ಅಜ್ಜಿ ಇಣುಕಿ ನೋಡಿ, "ಬರೇ ತೊಟ್ಲಾ ತಂದಿಯೇನೋ? ಒಳಗ ಬರಬ್ಯಾಡ!" ಎಂದಳು. ಕೈಯಲ್ಲಿ ಇದ್ದದ್ದು ನನ್ನ ಬುತ್ತಿಯ ಗಂಟು. ಅದನ್ನೇ ಮಲಗಿಸಿ ಒಳಗೆ ಕೊಟ್ಟೆ. ಆ ತೊಟ್ಟಿಲಲ್ಲಿ ಆ ಮನೆಯ ಕೂಸಿಗಿಂತ ಮೊದಲು ನನ್ನ ಅಣ್ಣನ ರಕ್ತವೂ ನನ್ನ ರೊಟ್ಟಿಯೂ ಮಲಗಿ ಎದ್ದಿದ್ದವು. ನಾನು ಉಪವಾಸ ಊರಿಗೆ ಬಂದೆ.

ಇಲ್ಲಿಯ ತನಕದ ಕಥೆಯನ್ನು ಊರಲ್ಲಿ ಎಲ್ಲರಿಗೂ ಹೇಳಿದ್ದೇನೆ. ಮುದುಕಿ, ಜೋಗುಳ, ಮಾಟ, ಎಲ್ಲ. ಮದುವೆ ಮನೆಗಳಲ್ಲಿ ಕರೆದು ಕೂಡಿಸಿ ಹೇಳಿಸುತ್ತಿದ್ದರು. ಅದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಅಣ್ಣ. ಹೇಳುವಾಗ ಸಫೇದಾ, ಹೆಸರು, ಗಿಣಿ, ಈ ಮೂರನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ. ಕಥೆ ಅವಿಲ್ಲದೆಯೂ ಚೆನ್ನಾಗಿಯೇ ಓಡುತ್ತಿತ್ತು.

ಕೆಲವು ವಾರಗಳಾದ ಮೇಲೆ ಡಾಕ್ಟರರು ಕರೆಸಿದರು. ಅಣ್ಣನೂ ನಾನೂ ಹೋದೆವು.

"ಮುಂಬಯಿಂದ ಉತ್ತರ ಬಂದದ," ಎಂದರು. ಅವರ ಮುಖ ಸಣ್ಣದಾಗಿತ್ತು. "ಇದರಾಗ ಬಂದಷ್ಟು ಸೀಸ ಇದ್ದ ಮನಷ್ಯಾ ಎದ್ದು ನಡದು ಬರೂದ ಸಾಧ್ಯ ಇಲ್ಲ. ಹೊರಗಿಂದ ಏನೋ ಹತ್ತೇದ, ಈ ತಪಾಸಣಿ ಹಿಡಿಯೂಹಾಂಗಿಲ್ಲ ಅಂದಾರ. ಕಾಳಪ್ಪ, ಬಾಟ್ಲಿಗೆ ನಿಮ್ಮ ಬಣ್ಣ ಏನರ ಹಚ್ಚಿದ್ರೇನು?"

ಅಣ್ಣ ನನ್ನ ಕಡೆ ತಿರುಗಿದ. ಹೌದು ಎನ್ನಲು ಬೇಕಾದದ್ದು ಒಂದು ಉಸಿರು. ನನ್ನ ಬಾಯಿಗೆ ಮೊದಲು ನೆನಪಾದದ್ದು ಅಣ್ಣನ ಕೈ ಅಲ್ಲ, ಮುಟ್ಟಬೇಡ ಎಂದಿದ್ದ ಗಿಣಿ. ಬೈಸಿಕೊಳ್ಳುವ ಖಾತೆಯನ್ನು ಅಷ್ಟು ವರ್ಷ ನಡೆಸಿದವನು ಆ ಒಂದು ದಿನ ರಜೆ ಹಾಕಿದೆ.

"ಇಲ್ಲರಿ," ಎಂದೆ.

"ಹಂಗಾರ ಇನ್ನೊಮ್ಮೆ ರಕ್ತ ಕೊಡ್ರಿ ಮಾನಪ್ಪ."

"ಒಮ್ಮೆ ಕೊಟ್ಟೀನ್ರಿ," ಎಂದ ಅಣ್ಣ. "ನನ್ನ ತಮ್ಮ ಜೀವಕ್ಕಿಂತ ಹೆಚ್ಚ ಜ್ವಾಪಾನ ಮಾಡಿ ಒಯ್ದಾನ. ಇಡೀ ಬಸ್ಸಿನ್ಯಾಗ ಅತ್ತಾನ. ಅವನ ಕೈಯಾಗ ಹೋದದ್ದು ಕೆಡೂದಿಲ್ಲ. ನಿಮ್ಮ ಮುಂಬಯಿ ಮಿಶನ್ನ ಕೆಟ್ಟಿರಬೇಕು. ನಾ ಕೊಟ್ಟ ಮಾತು ತೀರಿತು."

ಅಣ್ಣ ನನ್ನನ್ನು ಹೊಗಳಿದ್ದು ಅದೇ ಮೊದಲು. ನನ್ನ ಹೆಗಲ ಮೇಲೆ ಕೈಹಾಕಿಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಆ ಕೈ ನನ್ನ ಹೆಗಲ ಮೇಲಿತ್ತು. ಈಗಲೂ ಒಮ್ಮೊಮ್ಮೆ ಅದರ ಭಾರ ಅಲ್ಲೇ ಇದ್ದಂತೆ ಆಗುತ್ತದೆ.

ಆ ಬೇಸಿಗೆ ಎಂದೂ ಇಲ್ಲದಷ್ಟು ತೊಟ್ಟಿಲುಗಳ ಕೆಲಸ ಬಂತು. ಅಣ್ಣ ಒಂದು ಗೆರೆ, ಮತ್ತೆ ಬಾಯಿ, ಒಂದು ಗೆರೆ, ಮತ್ತೆ ಬಾಯಿ. ನಾನು ಪಕ್ಕದಲ್ಲೇ ಇದ್ದೆ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಬಣ್ಣ ಅರೆಯುತ್ತಿದ್ದೆ. ಅದೇ ಸಫೇದಾ!

ಮಳೆಗಾಲ ಹಿಡಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಗಿಣಿಯ ಕಣ್ಣು ಬರೆಯಲು ಕೈ ಎತ್ತಿದವನ ಮಣಿಕಟ್ಟು ತಾನಾಗಿ ಬಾಗಿತು. ಕುಂಚ ಬಿತ್ತು. ಅಣ್ಣ ಎಡಗೈಯಿಂದ ಬಲಗೈಯನ್ನು ಎತ್ತಿ ನೇರ ಹಿಡಿದ. ಬಿಟ್ಟ. ಮತ್ತೆ ಜೋತು ಬಿತ್ತು. "ಏ ಕಾಳ್ಯಾ, ಇಲ್ಲಿ ನೋಡ ಬಾ," ಎಂದು ಕರೆದ, ಏನೋ ಹೊಸ ಆಟ ತೋರಿಸುವವನ ಹಾಗೆ.

ಮತ್ತೆ ರಕ್ತ ಕೊಟ್ಟ. ಈ ಸಲ ಡಾಕ್ಟರರು ಬಾಟ್ಲಿಯನ್ನು ತಾವೇ ಒಯ್ದರು, ನನ್ನನ್ನು ತಮ್ಮ ದವಾಖಾನೆಯ ಓಣಿಯಲ್ಲಿ ಸುಳಿಯಲೂ ಬಿಡಲಿಲ್ಲ. ರಕ್ತ ಈ ಸಲ ಸ್ಪಷ್ಟವಾಗಿ ಮಾತಾಡಿತು. ಅಣ್ಣ ಆಡಿದಂತೆ ಅಂದೇ ಕುಂಚ ಕೆಳಗಿಟ್ಟ. ಇಡಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಹುಬ್ಬಳ್ಳಿಯಲ್ಲಿ ಬಹಳ ದಿನ ಔಷಧವಾಯಿತು. ಹೊಟ್ಟೆ ಸರಿಹೋಯಿತು. ಕೈ ಅರ್ಧಕ್ಕೆ ಬಂದು ನಿಂತಿತು. ಚಹಾದ ಕಪ್ಪು ಎತ್ತುತ್ತಾನೆ, ತಿರುಗಣಿ ತಿರುವುತ್ತಾನೆ. ಗೆರೆ ಎಳೆಯಲು ಆಗುವುದಿಲ್ಲ. ಮೊದಲೇ ಬಂದಿದ್ದರೆ ಪೂರ್ತಿ ಉಳಿಯುತ್ತಿತ್ತೇನೋ, ಎಂದರು ಡಾಕ್ಟರರು. 'ಏನೋ' ಎಂದದ್ದು ಅವರ ದೊಡ್ಡತನ.

ಈಗ ಖಾತೆಗಳು ಅದಲುಬದಲಾಗಿವೆ. ಅಣ್ಣ ಕಟ್ಟಿಗೆ ತಿರುವುತ್ತಾನೆ, ನಾನು ಬರೆಯುತ್ತೇನೆ. ಮೊನೆ ಮಾಡಲು ಒದ್ದೆ ಅರಿವೆಯ ತುಂಡು ಇದೆ. ಮರೆತು ಕುಂಚ ತುಟಿಯ ಕಡೆ ಹೋದರೆ ತಿರುಗಣಿಯ ಹಿಂದಿನಿಂದ "ಬಾಯಿ!" ಎಂದು ಗುಡುಗುತ್ತಾನೆ. ಹೂವು ಬರೆಯುತ್ತೇನೆ, ಬಳ್ಳಿ ಬರೆಯುತ್ತೇನೆ. ಗಿಣಿ ಬರೆಯುವುದಿಲ್ಲ. ಗಿರಾಕಿಗಳು ಕೇಳಿದರೆ ನವಿಲು ಚೆನ್ನಾಗಿರುತ್ತದೆ ಎಂದು ಮಾತು ತಪ್ಪಿಸುತ್ತೇನೆ.

ತೊಟ್ಟಿಲು ಮುಟ್ಟಿಸಲು ಊರೂರು ಹೋಗುತ್ತೇನಲ್ಲ, ಶಲವಡಿಯಲ್ಲೋ ಸಂಶಿಯಲ್ಲೋ ಯಾವುದಾದರೂ ಮನೆಯೊಳಗಿನಿಂದ ತೊಟ್ಟಿಲಿನ ಸರಪಳಿಯ ಸದ್ದು ಕೇಳಿದರೆ ಕಾಲು ನಿಂತುಬಿಡುತ್ತದೆ. ನೀರು ಕೇಳುವ ನೆಪದಲ್ಲಿ ಒಳಗೆ ಇಣುಕುತ್ತೇನೆ. ಮುಂದೆ ನೋಡುವ ಗಿಣಿ ಕಂಡರೆ ನೀರು ಕುಡಿದು ಬರುತ್ತೇನೆ. ಹಿಂದೆ ನೋಡುವ ಗಿಣಿ ಕಂಡರೆ ಇನ್ನೊಂದು ತಂಬಿಗೆ ನೀರು ಕೇಳುತ್ತೇನೆ. ಅಣ್ಣನ ಗೆರೆ ನೋಡಲು ನಾನು ಕುಡಿದ ನೀರಿನಲ್ಲಿ ಒಂದು ಗದ್ದೆ ನೆನೆಯುತ್ತಿತ್ತು.

ಮೊನ್ನೆ ಸಂಶಿಯ ಒಬ್ಬರು ಹಳೆಯ ತೊಟ್ಟಿಲು ತಂದರು. ಮಗಳ ಬಾಣಂತನಕ್ಕೆ ಮತ್ತೆ ಬಣ್ಣ ಬೇಕಂತೆ. ಅಣ್ಣ ಬರೆದದ್ದು. ಬಳ್ಳಿ ಮಾಸಿತ್ತು, ಗಿಣಿ ಹಾಗೇ ಇತ್ತು, ಕಣ್ಣು ಮಾತ್ರ ಅಳಿಸಿಹೋಗಿತ್ತು. ತೂಗುವ ತಾಯಿಯ ಕೈ ತಾಗಿ ತಾಗಿ ಸವೆದಿರಬೇಕು. ಕಣ್ಣಿಲ್ಲದ ಗಿಣಿ ಕುತ್ತಿಗೆ ತಿರುವಿ ನನ್ನ ಕಡೆಗೇ ನೋಡುತ್ತಿತ್ತು.

ಅಣ್ಣ ಬಂದು, ಅರ್ಧ ಬಾಗಿದ ಬೆರಳುಗಳಿಂದ ಆ ಗಿಣಿಯ ಬೆನ್ನು ಸವರಿದ. "ಕಣ್ಣ ನೀ ಬರಿ," ಎಂದ.

ಕುಂಚ ಎತ್ತಿಕೊಂಡೆ. ಮರೆತು ಕೈ ತುಟಿಯ ಕಡೆ ಹೋಯಿತು.

"ಬಾಯಿ!"

ಕುಂಚ ಕೆಳಗಿಟ್ಟೆ. "ಅಣ್ಣಾ, ಒಂದ ಮಾತ ಹೇಳೂದೈತಿ."

"ಹೇಳು."

"ಆವತ್ತ ಆ ಬಾಟ್ಲಿ ಬಾಯಿಗೆ ಸಫೇದಾ ಮೆತ್ತಿದಾಂವ ನಾನು. ಸೇಂದೂರದಾಗ ನಿನ್ನ ಹೆಸರ ಬರದಾಂವ ನಾನು. ಮುಂಬಯಿ ಮಿಶನ್ನ ಕೆಟ್ಟಿರಲಿಲ್ಲ. ಡಾಕ್ಟರ್ ಕೇಳಿದಾಗ ನಿನ್ನ ಮುಂದ ನಿಂತು ಇಲ್ಲ ಅಂದೆ. ಹೂಂ ಅಂದಿದ್ರ ನೀ ಇನ್ನೊಮ್ಮೆ ರಕ್ತ ಕೊಡ್ತಿದ್ದಿ."

ಒಳಗೆ ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದು ಕೇಳಿಸಿತು.

"ಗಿಣೀನೂ ಬರದಿದ್ದೆ," ಎಂದೆ.

"ಗಿಣೀನೂ?"

"ಹೂಂ."

"ನಾ ಮುಟ್ಟಬ್ಯಾಡ ಅಂದಿದ್ದೆ."

"ಅಂದಿದ್ದಿ."

ಅಣ್ಣ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಳಿತ. ಆಮೇಲೆ ತಲೆ ಎತ್ತದೆ ಕೇಳಿದ: "ಮುಖ ಯಾ ಕಡೆ ಮಾಡಿತ್ತು?"

"ಹಿಂದಕ. ನೀ ಬರದಂಗ."

"ಚಂದ ಆಗಿತ್ತೇನು?"

ಇಷ್ಟು ವರ್ಷ ಒಂದು ಸುಳ್ಳನ್ನು ಸಾಕಿದವನಿಗೆ ಇನ್ನೊಂದು ಭಾರವಾಗುತ್ತಿರಲಿಲ್ಲ. ಆದರೆ ಬಸ್ಸಿನ ಮುದುಕಿ ಸಾಕ್ಷಿ, ಕನ್ನಡಕದವರು ಸಾಕ್ಷಿ.

"ಇಲ್ಲಣ್ಣಾ," ಎಂದೆ. "ಕೋಳಿ ಆಗಿತ್ತು. ತಪ್ಪಾತಣ್ಣಾ. ನಂದು ತಪ್ಪಾತು."